ಉಳಿದಿರುವುದರ ಹಕ್ಕು

ಭಾಗವೊಂದು ಬದಲಾದ ಮೇಲೆ ವಸ್ತು ಮೊದಲಿನದೇ ಆಗಿ ಉಳಿಯುತ್ತದೆಯೇ ಎಂಬುದು ಭಾರತೀಯ ದರ್ಶನಗಳ ಹಳೆಯ ಪ್ರಶ್ನೆ. ಬಟ್ಟೆಯ ಕೆಲವು ಎಳೆಗಳು ಕಳಚಿದರೂ ಹಿಂದಿನ ಬಟ್ಟೆ ನಾಶವಾಗಿ 'ಖಂಡಪಟ'ವೆಂಬ ಬೇರೊಂದು ಬಟ್ಟೆ ಹುಟ್ಟುತ್ತದೆಂದು ನೈಯಾಯಿಕರು ವಾದಿಸಿದರೆ, ಬೌದ್ಧರು ಎಳೆಗಳಿಗಿಂತ ಬೇರೆಯಾದ ಬಟ್ಟೆಯನ್ನೇ ಒಪ್ಪಲಿಲ್ಲ. ಆದರೆ ದುರಸ್ತಿಗೆ ತೊಡಗಿದವನು ಎಷ್ಟನ್ನು ಮುಟ್ಟಬಹುದು ಎಂಬುದು ಈ ವಾದಗಳಿಂದ ತೀರ್ಮಾನವಾಗುವುದಿಲ್ಲ.

ದೇವಾಲಯಗಳ ಜೀರ್ಣೋದ್ಧಾರದಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಆಗಮದ ವಿಧಿಯಲ್ಲಿ ದೇವರ ಸಾನ್ನಿಧ್ಯವನ್ನು ಕಳಾಕರ್ಷಣದ ಮೂಲಕ ಕಲಶಕ್ಕೆ ಬರಮಾಡಿಕೊಂಡ ಬಳಿಕ ಕಲ್ಲನ್ನು ಬದಲಿಸಬಹುದು, ಏಕೆಂದರೆ ಅಲ್ಲಿ ಗುಡಿಯ ಜೀವವಿರುವುದು ಸಾನ್ನಿಧ್ಯದಲ್ಲಿ. ಹಾವೇರಿಯ ಸಿದ್ಧೇಶ್ವರ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಗಳಂತಹ ಸ್ಮಾರಕಗಳನ್ನು ಕುರಿತ ಪುರಾತತ್ತ್ವದ ನಿಲುವು ಬೇರೆ. ಜಾನ್ ಮಾರ್ಷಲ್‌ರ 1923ರ ಸಂರಕ್ಷಣಾ ಕೈಪಿಡಿಯ ಪ್ರಕಾರ ಮೊದಲ ಕರ್ತವ್ಯ ಹೊಸತಾಗಿಸುವುದಲ್ಲ, ಉಳಿಸುವುದು.

ಹಲ್ಲು ಈ ಎರಡನೆಯ ಸಾಲಿಗೆ ಸೇರುತ್ತದೆ, ಏಕೆಂದರೆ ಅದರ ಸತ್ವವನ್ನು ತಾತ್ಕಾಲಿಕವಾಗಿ ಇರಿಸಲು ಯಾವ ಕಲಶವೂ ಇಲ್ಲ. ಹೊರಕವಚವಾದ ಎನಾಮಲ್ಲನ್ನು ಕಟ್ಟುವ ಜೀವಕೋಶಗಳು ಹಲ್ಲು ಮೂಡಿದ ಮೇಲೆ ಉಳಿಯುವುದಿಲ್ಲವಾದ್ದರಿಂದ, ಕೊರೆದದ್ದು ಮತ್ತೆ ಬೆಳೆಯದು. ಹುಳುಕು ತೆಗೆದ ಕುಳಿಗೆ ತುಂಬುವ ಕಾಂಪೋಸಿಟ್, ಅಂದರೆ ರಾಳದಲ್ಲಿ ಗಾಜಿನಂತಹ ಸೂಕ್ಷ್ಮ ಕಣಗಳನ್ನು ಬೆರೆಸಿದ ದ್ರವ್ಯ, ಹಲ್ಲಿನದೇ ಬಣ್ಣದ್ದು. ಅದನ್ನು ಪೂರ್ತಿ ಕೀಳುವಾಗ ಗಡಿ ಕಾಣದೆ ಗಟ್ಟಿ ಹಲ್ಲೂ ಸವೆಯುತ್ತದೆ, ಹೀಗೆ ಸಲಸಲಕ್ಕೂ ಹಿಗ್ಗಿದ ಕುಳಿ ರೂಟ್ ಕೆನಾಲ್‌ಗೂ ಕ್ಯಾಪ್‌ಗೂ ದಾರಿ ಮಾಡಬಹುದು. ಆದ್ದರಿಂದಲೇ ಕನಿಷ್ಠ ಹಸ್ತಕ್ಷೇಪದ ಪದ್ಧತಿಯಲ್ಲಿ ಕೆಟ್ಟ ಅಂಚನ್ನಷ್ಟೇ ತೆಗೆದು, ಹಳೆಯ ಕಾಂಪೋಸಿಟ್ಟನ್ನು ಅಲ್ಯೂಮಿನಾ ಪುಡಿ ಸಿಡಿಸಿ ಒರಟಾಗಿಸಿ, ಎನಾಮಲ್ಲಿಗೆ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದು, ಕಣಕ್ಕೂ ಹೊಸ ರಾಳಕ್ಕೂ ಬೆಸುಗೆಯಾಗುವ ಸಿಲೇನ್ ಮತ್ತು ಅಂಟುದ್ರವ ಸವರಿ ಹೊಸ ಪದರವನ್ನು ಕೂಡಿಸುತ್ತಾರೆ. ಜಾಗತಿಕ ದಂತವೈದ್ಯ ಒಕ್ಕೂಟವಾದ ಎಫ್‌ಡಿಐ 2002ರಲ್ಲೇ ಈ ಪದ್ಧತಿಯ ಪರವಾಗಿ ನಿಲುವು ತಳೆದಿದೆ.

ಇಲ್ಲಿ ನೋಟದ ಶಿಸ್ತೂ ಬೇಕು. ಬಣ್ಣಕ್ಕೇ ಹೆಸರಾದ ಮೆಣಸಿನಕಾಯಿ ಬೆಳೆಯುವ ಬ್ಯಾಡಗಿ ಸೀಮೆಯಲ್ಲಿ ಖಾರದ ಸಾರು, ಅರಿಶಿನ, ಚಹಾ, ಎಲೆ-ಅಡಿಕೆಗಳ ನಡುವೆ ಫಿಲ್ಲಿಂಗಿನ ಅಂಚು ಕಲೆಗಟ್ಟುವುದು ಸಹಜ, ಆದರೆ ಕಲೆಯೊಂದೇ ಹುಳುಕಿನ ಸಾಕ್ಷ್ಯವಲ್ಲ. ಪಾಲಿಶ್ ಮಾಡಿದರೆ ಸಾಕಾಗುವಲ್ಲಿ ಕೊರೆಯುವುದು, ರೋಗಿಯ ಒಪ್ಪಿಗೆಯಿದ್ದರೂ, ಒಂದು ಬಗೆಯ ಹಿಂಸೆಯೇ. ಹಾಗೆಂದು ಹಳೆಯದೆಂಬ ಕಾರಣಕ್ಕೆ ಎಲ್ಲವೂ ರಕ್ಷಣೆಗೆ ಅರ್ಹವಲ್ಲ. ಫಿಲ್ಲಿಂಗಿನ ಅಡಿಯಲ್ಲೆಲ್ಲ ಹುಳುಕು ಹಬ್ಬಿದ್ದರೆ ತೇಪೆ ಹಾಕುವುದು ರೋಗವನ್ನು ಮುಚ್ಚಿಟ್ಟಂತಾಗುತ್ತದೆಯಾದ್ದರಿಂದ, ಆಗ ಪೂರ್ತಿ ತೆಗೆಯುವುದೇ ಉಳಿದ ಹಲ್ಲಿಗೆ ಸಲ್ಲಬೇಕಾದ ನ್ಯಾಯ.