ಸಾರಥಿಯ ಶಿಕ್ಷಣ

ಶರೀರವನ್ನು ರಥವೆಂದೂ, ಬುದ್ಧಿಯನ್ನು ಸಾರಥಿಯೆಂದೂ, ಮನಸ್ಸನ್ನು ಕಡಿವಾಣವೆಂದೂ, ಇಂದ್ರಿಯಗಳನ್ನು ಕುದುರೆಗಳೆಂದೂ ನಿರೂಪಿಸುವ ಕಠೋಪನಿಷತ್ತಿನ ರೂಪಕವನ್ನು ಕೇಳದ ಆಸ್ತಿಕರು ನಮ್ಮಲ್ಲಿ ವಿರಳ. ಆದರೆ ಕೇಳಿದವರಲ್ಲಿ ಬಹುಮಂದಿ ಅದನ್ನು ದುಷ್ಟಾಶ್ವಗಳನ್ನು ಬಗ್ಗುಬಡಿಯುವ ಉಪದೇಶವೆಂದೇ ಗ್ರಹಿಸಿ, ನಿಗ್ರಹವೆಂದರೆ ಲಗಾಮನ್ನು ಬಲವಾಗಿ ಜಗ್ಗುವುದೆಂದು ನಂಬಿದ್ದಾರೆ. ಯಾವನಿಗೆ ವಿವೇಕವಿಲ್ಲವೋ, ಯಾವನ ಮನಸ್ಸು ಸದಾ ಚದುರಿರುವುದೋ, ಅವನ ಇಂದ್ರಿಯಗಳೇ ದುಷ್ಟಾಶ್ವಗಳಂತೆ ಅಂಕೆ ಮೀರುತ್ತವೆಂದು ಹೇಳುವ ಆ ಉಪನಿಷತ್ತು ದೋಷವನ್ನು ಮೊದಲು ಹುಡುಕುವುದು ಸಾರಥಿಯಲ್ಲಿ.

ಇದು ಎಷ್ಟು ನಿಜವೆಂಬುದನ್ನು ಲಾಯದಲ್ಲಿ ದುಡಿದವರು ಬಲ್ಲರು. ಕುದುರೆಯು ಹಿಂಸ್ರಮೃಗಗಳ ಬೇಟೆಗೆ ಗುರಿಯಾಗುತ್ತ ಬಂದ ಪ್ರಾಣಿ. ತಲೆಯ ಎರಡು ಪಾರ್ಶ್ವಗಳಲ್ಲಿರುವ ಕಣ್ಣುಗಳಿಂದ ಸುತ್ತಲನ್ನು ಬಹುಮಟ್ಟಿಗೆ ಕಾಣುತ್ತ, ನೇರ ಬೆನ್ನ ಹಿಂದೆ ಕಾಣದುದಕ್ಕೆ ಕಿವಿ ಹೊರಳಿಸುತ್ತ, ಅಪಾಯದ ಸುಳಿವು ಸಿಕ್ಕೊಡನೆ ಓಡಿ ಜೀವವುಳಿಸಿಕೊಳ್ಳುವುದು ಅದರ ಜಾತಿಧರ್ಮ. ಅಂತರಂಗದಲ್ಲಿ ಕೋಪವನ್ನಿಟ್ಟುಕೊಂಡು ಬಾಯಲ್ಲಿ ಮೃದುವಚನವನ್ನಾಡುತ್ತ ಇಂಥ ಜೀವದ ಬಳಿಗೆ ಹೋದವನನ್ನು ಅವನ ಬಿಗಿದ ಭುಜ, ಅವಸರದ ಹೆಜ್ಜೆ, ತಡೆದ ಉಸಿರುಗಳೇ ಬಯಲುಮಾಡುತ್ತವೆ. ಜನರೆದುರು ಸಲ್ಲುವ ಪಾಂಡಿತ್ಯ, ಪದವಿ, ವಾಕ್ಚಾತುರ್ಯಗಳು ಅಲ್ಲಿ ಸಲ್ಲವು. ಪ್ರತಿನಿತ್ಯ ಮಾಲೀಸು ಮಾಡಿ, ಗೊರಸೆತ್ತಿ ಕಸ ತೆಗೆದು, ಹುರುಳಿಯನ್ನಿಟ್ಟು, ಅದರ ಭಯ ಶಮನವಾಗುವವರೆಗೆ ತಾನೇ ಶಾಂತನಾಗಿ ನಿಲ್ಲಬೇಕಾದವನಿಗೆ ಚಿತ್ತಶುದ್ಧಿಯೆಂಬುದು ದಿನದ ಕೆಲಸದೊಳಗೇ ಸೇರಿಹೋಗುತ್ತದೆ. ಅದಿಲ್ಲದೆ ಕೆಲಸವೇ ಸಾಗದು.

ಹಾಗೆಂದು ಬರಿಯ ಸಲುಗೆಯಿಂದಲೂ ಕುದುರೆ ಪಳಗದು. ಅಂಗುತ್ತರನಿಕಾಯದಲ್ಲಿ ಕೇಶಿಯೆಂಬ ಅಶ್ವಶಿಕ್ಷಕನು, ತಾನು ಕುದುರೆಗಳನ್ನು ಮೃದುವಾಗಿಯೂ ಪರುಷವಾಗಿಯೂ ಎರಡನ್ನೂ ಬೆರೆಸಿಯೂ ಪಳಗಿಸುವೆನೆಂದಾಗ, ಮನುಷ್ಯರ ವಿಷಯದಲ್ಲಿ ತನ್ನ ಮಾರ್ಗವೂ ಅದೇ ಎಂದು ಬುದ್ಧನು ಒಪ್ಪಿಕೊಳ್ಳುತ್ತಾನೆ. ಆದರೆ ಅವನ ಪಾರುಷ್ಯವೆಂದರೆ ದುಷ್ಕರ್ಮವನ್ನೂ ಅದರ ಫಲವನ್ನೂ ಇದ್ದಂತೆ ತಿಳಿಸುವುದಷ್ಟೇ.

ಈ ವಿಚಾರದಲ್ಲಿ ನನಗೆ ಅತ್ಯಂತ ಪೂಜ್ಯವಾಗಿ ತೋರುವುದು ಮಹಾಭಾರತದ ದ್ರೋಣಪರ್ವದ ಒಂದು ಪ್ರಸಂಗ. ಸೂರ್ಯಾಸ್ತದೊಳಗೆ ಜಯದ್ರಥನನ್ನು ವಧಿಸದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಅರ್ಜುನನು ಪ್ರತಿಜ್ಞೆಗೈದಿದ್ದ ಆ ದಿನ, ಪ್ರತಿಯೊಂದು ಗಳಿಗೆಯೂ ಪ್ರಾಣಕ್ಕೆ ಸಮನಾಗಿದ್ದಾಗ, ಬಾಣಗಳಿಂದ ನೊಂದು ಬಾಯಾರಿ ಬಳಲಿದ ಕುದುರೆಗಳನ್ನು ಕಂಡ ಅರ್ಜುನನ ಸೂಚನೆಗೆ ಒಪ್ಪಿ ಕೃಷ್ಣನು ಶತ್ರುಸೇನೆಯ ನಡುವೆಯೇ ರಥವನ್ನು ನಿಲ್ಲಿಸಿದನು. ಅರ್ಜುನನು ನೆಲದ ಮೇಲೆ ನಿಂತು ವೈರಿಗಳನ್ನು ತಡೆಯುತ್ತಿರಲು, ಅಸ್ತ್ರದಿಂದ ಅವನು ನಿರ್ಮಿಸಿದ ಸರೋವರದ ಬಳಿ ಗೀತಾಚಾರ್ಯನು ಅವುಗಳ ನೊಗ ಕಳಚಿ, ನಾಟಿದ ಬಾಣಗಳನ್ನು ಕಿತ್ತು, ಸ್ವಹಸ್ತಗಳಿಂದ ಮೈಯುಜ್ಜಿ, ನೀರು ಕುಡಿಸಿ, ಮೇವು ತಿನ್ನಿಸಿ, ಶ್ರಮ ಪರಿಹಾರವಾದ ಮೇಲೆಯೇ ಮತ್ತೆ ರಥಕ್ಕೆ ಹೂಡಿದನು. ಯೋಗವನ್ನು ಬೋಧಿಸಿದವನ ಯೋಗಸ್ಥಿತಿ ಎಂಥದೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಸಾಕ್ಷ್ಯವನ್ನು ನಾನರಿಯೆ.

ಗೀತೆಯ ಪಾರಾಯಣ ನಡೆಯುವ ಮನೆಗಳಲ್ಲಿ ಈ ಪ್ರಸಂಗವನ್ನೂ ಮಕ್ಕಳಿಗೆ ಓದಿ ಹೇಳಬೇಕು. ಸಮೀಪದಲ್ಲಿ ಲಾಯವೊಂದಿದ್ದರೆ, ಸವಾರಿಗೂ ಮೊದಲು ಮಾಲೀಸಿನ ಕೆಲಸಕ್ಕೆ ಅವರನ್ನು ಕಳುಹಿಸಬೇಕು.