ಪಾಳು ನೆಲ, ಬಿಡುವಾದ ಕೈ

1893ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಡೆಟ್ರಾಯ್ಟ್ ನಗರದ ಕಾರ್ಖಾನೆಗಳು ಬಾಗಿಲು ಹಾಕತೊಡಗಿದವು. ಪೋಲೆಂಡ್, ಜರ್ಮನಿಗಳಿಂದ ಬಂದು ನೆಲೆಸಿದ್ದ ಕೂಲಿಗಳ ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟವಾಯಿತು. ಆಗ ಮೇಯರ್ ಆಗಿದ್ದವನು ಹೇಜನ್ ಪಿಂಗ್ರೀ, ಬೂಟು ಕಾರ್ಖಾನೆಯೊಂದರ ಮಾಲೀಕ. ಬೆಲೆ ಏರಲೆಂದು ಒಡೆಯರು ಪಾಳುಬಿಟ್ಟಿದ್ದ ನಿವೇಶನಗಳು ಆತನ ಕಣ್ಣಿಗೆ ಬಿದ್ದವು. ಅವನ್ನು ಕೇಳಿ ಪಡೆದು, 1894ರಲ್ಲಿ ಕೆಲಸವಿಲ್ಲದ ಕುಟುಂಬಗಳಿಗೆ ಹಂಚಿ, ಆಲೂಗಡ್ಡೆ, ಬೀನ್ಸ್ ಬೆಳೆದುಕೊಳ್ಳಿ ಎಂದ.

ಬೀಜಕ್ಕೆ, ಉಳುಮೆಗೆ ದುಡ್ಡು ಬೇಕಲ್ಲ? ಚರ್ಚುಗಳಲ್ಲಿ ಕೇಳಿದರೆ ಸಿಕ್ಕಿದ್ದು ಪುಡಿಗಾಸು. ಪಿಂಗ್ರೀ ತನ್ನ ಉತ್ತಮ ತಳಿಯ ಕುದುರೆಯನ್ನೇ ಹರಾಜಿಗಿಟ್ಟ. ಮೇಯರ್‌ಗೆ ಹುಚ್ಚು ಹಿಡಿದಿದೆಯೆಂದು ನಕ್ಕವರಿಗೇನೂ ಕೊರತೆಯಿರಲಿಲ್ಲ. ಆ ವರ್ಷ ಸುಮಾರು 430 ಎಕರೆಯಲ್ಲಿ ಒಂಬೈನೂರಕ್ಕೂ ಹೆಚ್ಚು ಕುಟುಂಬಗಳು ಬಿತ್ತಿದವು. ಫಸಲು ಬಂದ ಮೇಲೆ ಬೇರೆ ನಗರಗಳೂ ಇದೇ ದಾರಿ ಹಿಡಿದವು.

ನನಗೆ ಇದರಲ್ಲಿ ಕರುಣೆಗಿಂತ ಹೆಚ್ಚಾಗಿ ಕಾಣುವುದು ಲೆಕ್ಕ. ಹರೆಯದಲ್ಲಿ ಬೂಟಿಗೆ ತೊಗಲು ಕತ್ತರಿಸುತ್ತಿದ್ದವನಿಗೆ ಚೂರು ಪೋಲಾದರೂ ಕಣ್ಣು ಚುಚ್ಚುತ್ತದೆ. ಪಾಳು ನೆಲ, ಬಿಡುವಾದ ಕೈ ಎರಡೂ ಆತನಿಗೆ ಪೋಲಾಗಿಯೇ ಕಂಡಿರಬೇಕು. ಹಸಿವೂ ಆತನಿಗೆ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಸೆರೆಸಿಕ್ಕಿ, ಸಾವಿರಾರು ಸೈನಿಕರು ಸತ್ತ ಆಂಡರ್ಸನ್‌ವಿಲ್ ಬಂದೀಖಾನೆಯಲ್ಲಿ ದಿನ ನೂಕಿದ್ದವನು.

ವ್ಯಾಪಾರಿ ರಾಜಕೀಯಕ್ಕೆ ಬಂದರೆ ಅಲ್ಲೂ ವ್ಯಾಪಾರವನ್ನೇ ಮಾಡುತ್ತಾನೆ ಎಂಬ ಗುಮಾನಿ ಸುಳ್ಳೇನಲ್ಲ. 1889ರಲ್ಲಿ ಪಿಂಗ್ರೀಯನ್ನು ಚುನಾವಣೆಗೆ ನಿಲ್ಲಿಸಿದ ಸಿರಿವಂತರೂ ಈತ ನಮ್ಮವನು ಎಂದೇ ನಂಬಿದ್ದರು. ಆದರೆ ಸರಕು ಕೊಳ್ಳುವಾಗ ಇದರ ಅಸಲು ಬೆಲೆ ಎಷ್ಟು ಎಂದು ಕೇಳುವ ಅಭ್ಯಾಸವನ್ನು ಆತ ಟ್ರ್ಯಾಮ್, ಗ್ಯಾಸ್ ಕಂಪನಿಗಳ ಮೇಲೂ ಪ್ರಯೋಗಿಸಿದ. ಜನರಿಂದ ಕೀಳುತ್ತಿದ್ದ ದರಕ್ಕೆ ಲೆಕ್ಕ ಕೇಳಿದ. ಬೀದಿದೀಪಕ್ಕೆ ನಗರದ್ದೇ ವಿದ್ಯುತ್ ಸ್ಥಾವರ ಕಟ್ಟಿಸಿದ. ಹಳೆಯ ಗೆಳೆಯರು ದೂರವಾದರು.

ಹಾಗೆಂದು ಪಿಂಗ್ರೀ ಸಂತನಲ್ಲ. 1897ರಲ್ಲಿ ಮಿಷಿಗನ್ ರಾಜ್ಯದ ಗವರ್ನರ್ ಆದ ಮೇಲೂ ಮೇಯರ್ ಕುರ್ಚಿ ಬಿಡಲು ಒಪ್ಪಲಿಲ್ಲ; ಕೋರ್ಟು ಹೇಳಬೇಕಾಯಿತು. ತಾನಿಲ್ಲದೆ ಕೆಲಸ ಕೆಡುತ್ತದೆ ಎಂಬ ನಂಬಿಕೆ ಒಳ್ಳೆಯವರನ್ನೂ ಹಿಡಿಯುತ್ತದೆ, ಬಹುಶಃ ಅವರನ್ನೇ ಬೇಗ. ಇನ್ನು ಆ ಹೊಲಗಳು: ಎರವಲು ಪಡೆದ ಜಾಗ, ಕೆಲಸ ಮರಳಿದಂತೆ ಮತ್ತೆ ನಿವೇಶನಗಳಾದವು. ಬಿತ್ತಿದವರಿಗೆ ಆಲೂಗಡ್ಡೆ ದಕ್ಕಿತು, ಏರಿದ ನೆಲದ ಬೆಲೆ ಒಡೆಯರಿಗೇ ಹೋಯಿತು. ಕುದುರೆ ಮಾರಿದವನ ಕೈಯಲ್ಲೂ ಅದನ್ನು ಬದಲಿಸಲಾಗಲಿಲ್ಲ.