ಅಕ್ಕ ಬಿಟ್ಟುಕೊಟ್ಟ ಹೊಲ

2009ರ ಬೇಸಿಗೆಯ ಒಂದು ದಿನ ನಾನು ಮತ್ತು ಅಕ್ಕ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದೆವು. ಅವ್ವ ಮೊದಲೇ ಹೋಗಿದ್ದಳು, ಅಪ್ಪ ತೀರಿಕೊಂಡು ವರ್ಷವಾಗಿತ್ತು. ನಾಲ್ಕು ಎಕರೆ ಹೊಲದ ಪಹಣಿ ನನ್ನೊಬ್ಬನ ಹೆಸರಿಗೆ ಆಗಬೇಕಿತ್ತು. ಬಾಂಡ್ ರೈಟರ್ ಕಾಗದ ತಂದ. ಮೇಲೆ ‘ಹಕ್ಕು ಬಿಡುಗಡೆ ಪತ್ರ’ ಎಂದಿತ್ತು. ಒಳಗೆ, ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಡುತ್ತಿದ್ದೇನೆ ಎಂಬ ಅರ್ಥದ ಸಾಲು. ಅಕ್ಕ ಓದಲಿಲ್ಲ. “ಎಲ್ಲಿ ಸಹಿ ಮಾಡ್ಲಿ ತಮ್ಮಾ?” ಎಂದಳು. ನಾನು ಬೆರಳಿಟ್ಟು ತೋರಿಸಿದೆ. ಆಮೇಲೆ ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿಸಿ, ಒಂದು ಇಳಕಲ್ ಸೀರೆ ಕೊಡಿಸಿ ಬಸ್ ಹತ್ತಿಸಿದೆ. ಎರಡು ಎಕರೆಯ ಬೆಲೆ ಅಷ್ಟಾಯಿತು.

ಹತ್ತು ವರ್ಷ ಆ ದಿನವನ್ನು ನಾನು ಅಕ್ಕನ ದೊಡ್ಡತನದ ಕತೆಯಾಗಿ ಹೇಳಿಕೊಂಡು ತಿರುಗಿದೆ. “ನಮ್ಮಕ್ಕ ಒಂದು ಮಾತು ಎತ್ತಲಿಲ್ಲ ನೋಡ್ರಿ” ಎಂದು. ಕೇಳಿದವರು ತಲೆದೂಗುತ್ತಿದ್ದರು. ಈಗ ನನ್ನನ್ನು ಕಾಡುವ ಪ್ರಶ್ನೆ ಇಷ್ಟೆ: ಅಂದು ಅಕ್ಕ ನನಗೆ ಹೊಲವನ್ನು ಕೊಟ್ಟಳೋ, ಅಥವಾ ನಾನು ತೆಗೆದುಕೊಂಡೆನೋ?

ಈ ಪ್ರಶ್ನೆ ಹುಟ್ಟಿದ್ದು 2019ರ ಆಗಸ್ಟಿನಲ್ಲಿ. ಅಕ್ಕನನ್ನು ಕೊಟ್ಟದ್ದು ವರದಾ ನದಿ ದಂಡೆಯ ಊರಿಗೆ. ಆ ವರ್ಷದ ನೆರೆಯಲ್ಲಿ ಮಣ್ಣಿನ ಗೋಡೆಯ ಅವಳ ಮನೆ ಕೂತುಬಿಟ್ಟಿತು. ಭಾವ ತೀರಿಕೊಂಡು ಮೂರು ವರ್ಷವಾಗಿತ್ತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಘೋಷಿಸಿತು. ಆದರೆ ಪಂಚಾಯಿತಿ ಪುಸ್ತಕದಲ್ಲಿ ಆ ಮನೆ ಅಕ್ಕನ ಮಾವನ ಹೆಸರಿನಲ್ಲಿದ್ದು, ಅವರ ನಂತರ ಅವಳ ಮೈದುನನ ಹೆಸರಿಗೆ ಹೋಗಿತ್ತು. ದುಡ್ಡೂ ಅವನ ಹೆಸರಿಗೇ ಬಂತು. ಅವನು ಕೆಟ್ಟವನಲ್ಲ. ಹೊಸ ಮನೆಯ ಹಿಂದೆ ಅತ್ತಿಗೆಗೂ ಅವಳ ಮಗಳಿಗೂ ಒಂದು ತಗಡಿನ ಶೆಡ್ಡು ಹಾಕಿಸಿಕೊಟ್ಟ. ಊರವರು ಅವನನ್ನೂ ಹೊಗಳಿದರು.

ಆ ಶೆಡ್ಡಿಗೆ ಪಾಯಖಾನೆ ಇರಲಿಲ್ಲ. ಮನೆಯದಿತ್ತು, ಆದರೆ ಅದು ಒಳಗೆ, ಮೈದುನನ ಮಲಗುವ ಕೋಣೆ ದಾಟಿ ಹೋಗಬೇಕು. ಹೀಗಾಗಿ ಐವತ್ತು ದಾಟಿದ ಅಕ್ಕ ಬೆಳಕು ಹರಿಯುವ ಮೊದಲೇ ಮಗಳನ್ನು ಎಬ್ಬಿಸಿಕೊಂಡು, ತಂಬಿಗೆ ಹಿಡಿದು ಬಯಲಿಗೆ ಹೋಗುತ್ತಿದ್ದಳು. ಹಗಲು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ಅದೇ ವರ್ಷ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚಮುಕ್ತವಾಯಿತೆಂಬ ಘೋಷಣೆಯಾಯಿತು. ಟಿವಿಯಲ್ಲಿ ಅದನ್ನು ನೋಡಿದಾಗ ನನಗೆ ಸರ್ಕಾರದ ಮೇಲೆ ಸಿಟ್ಟು ಬಂತು. ಆ ಸಿಟ್ಟು ನನ್ನ ಕಡೆಗೆ ತಿರುಗಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ಅಕ್ಕನಿಗೆ ಒಂದು ಮನೆ ಮಾಡಿಸಿಕೊಡೋಣ ಎಂದು ಪಂಚಾಯಿತಿಗೆ ಓಡಾಡಿದೆ. ಶೌಚಾಲಯಕ್ಕೆ 12,000 ರೂಪಾಯಿ ನೆರವಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಹಳ್ಳಿಮನೆಗೆ 1,20,000 ರೂಪಾಯಿ ಇದೆ. ಹೆಣ್ಣುಮಗಳ ಹೆಸರಿಗೆ ಅಥವಾ ಗಂಡಹೆಂಡಿರ ಜಂಟಿ ಹೆಸರಿಗೆ ಮನೆ ಮಂಜೂರು ಮಾಡಬೇಕೆಂದು ನಿಯಮವೇ ಹೇಳುತ್ತದೆ. “ಎಲ್ಲಾ ಖರೆ ಸರ್ ರೀ, ಜಾಗಾ ಯಾರ ಹೆಸರಿಗೈತಿ?” ಎಂದು ಅಲ್ಲಿಯ ಹುಡುಗ ಕೇಳಿದ. ಸರ್ಕಾರ ಹೆಣ್ಣಿನ ಹೆಸರಿಗೆ ಮನೆ ಕೊಡಲು ಸಿದ್ಧವಿದೆ. ಆ ಮನೆಯನ್ನು ಕಟ್ಟುವಷ್ಟು ನೆಲ ಹೆಣ್ಣಿನ ಹೆಸರಲ್ಲಿ ಇರುವುದಿಲ್ಲ. ಇದ್ದ ನೆಲವನ್ನು ಬೇವಿನ ಮರದ ಕೆಳಗೆ ಬೆರಳಿಟ್ಟು ಬಿಡಿಸಿಕೊಂಡವನು ನಾನು.

ಆ ನೆಲ ನಮಗೆ ಬಂದದ್ದೂ ಒಂದು ನ್ಯಾಯದ ಹೋರಾಟದಿಂದಲೇ. ಅಜ್ಜ ಗೇಣಿದಾರ. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯಮಂಡಳಿಯ ಮುಂದೆ ನಿಂತು ಹೊಲ ಪಡೆದ. ‘ಉಳುವವನೇ ಹೊಲದೊಡೆಯ’ ಎಂಬ ಮಾತನ್ನು ನಮ್ಮ ಮನೆಯಲ್ಲಿ ಮಂತ್ರದಂತೆ ಹೇಳುತ್ತಿದ್ದರು. ಎಷ್ಟೋ ವರ್ಷ ನಾನು ಆ ಘೋಷಣೆಯ ವ್ಯಾಕರಣ ಗಮನಿಸಿರಲಿಲ್ಲ. ಉಳುವವನೇ. ಬಿತ್ತುವಾಗ ಸಡ್ಡೆ ಹಿಡಿದವಳು, ಕಳೆ ತೆಗೆದವಳು, ಹತ್ತಿ ಬಿಡಿಸಿದವಳು ಆ ಮಾತಿನೊಳಗೆ ಇಲ್ಲ. ಅಜ್ಜನಿಗೆ ಒಡೆಯನಿಂದ ನ್ಯಾಯ ಸಿಕ್ಕಿತು. ಅಜ್ಜಿಗೆ ಅಜ್ಜನಿಂದ ಸಿಗಬೇಕಾದ್ದು ಯಾರ ಪಟ್ಟಿಯಲ್ಲೂ ಇರಲಿಲ್ಲ.

ಕಾನೂನು ನಿಧಾನವಾಗಿಯಾದರೂ ನಡೆದಿದೆ. ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂಬ ಮಿತಾಕ್ಷರ ಪದ್ಧತಿಗೆ ಆಧಾರವಾದ ಗ್ರಂಥವನ್ನು ವಿಜ್ಞಾನೇಶ್ವರ ಬರೆದದ್ದು ನಮ್ಮದೇ ನೆಲದಲ್ಲಿ, ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ. ಅದನ್ನು ತಿದ್ದಲು ಮುಂದಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕುಗಳ ಕಾಯಿದೆ ತಂದಿತ್ತು. 1994ರ ತಿದ್ದುಪಡಿ ಮಗಳನ್ನೂ ಮಗನಂತೆ ಸಮಪಾಲುದಾರಳನ್ನಾಗಿ ಮಾಡಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಅಕ್ಕನ ಮದುವೆ 1992ರಲ್ಲಿ. 2005ರ ಕೇಂದ್ರದ ತಿದ್ದುಪಡಿ ಆ ತಡೆಯನ್ನೂ ತೆಗೆಯಿತು. ಅಂದರೆ 2009ರಲ್ಲಿ ಸಹಿ ಹಾಕುವಾಗ ಅವಳ ಹಕ್ಕು ನನ್ನ ಹಕ್ಕಿಗೆ ಒಂದು ಗುಂಟೆಯೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದಿದ್ದರೆ ಬಿಡುಗಡೆ ಪತ್ರವೇ ಬೇಕಾಗುತ್ತಿರಲಿಲ್ಲ. ಅವಳ ಹಕ್ಕಿಗೆ ಇದ್ದ ದೊಡ್ಡ ಸಾಕ್ಷಿ, ಅವಳು ಅದನ್ನು ಬಿಟ್ಟುಕೊಟ್ಟ ಕಾಗದವೇ.

ಹಾಗಾದರೆ ಅದು ಕೊಡುಗೆಯೇ? ಕೊಡುಗೆ ಎನ್ನಬೇಕಾದರೆ ಕೊಡದೆ ಇರುವ ದಾರಿಯೂ ಕೊಡುವವರಿಗೆ ತೆರೆದಿರಬೇಕು ಎಂದು ನನಗನ್ನಿಸುತ್ತದೆ. ಅಕ್ಕ ಅಂದು ‘ಒಲ್ಲೆ’ ಎಂದಿದ್ದರೆ ಏನಾಗುತ್ತಿತ್ತು? ನಾನು ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಆದರೆ ಆ ವರ್ಷ ಪಂಚಮಿ ಹಬ್ಬಕ್ಕೆ ಅವಳನ್ನು ಕರೆಯಲು ಹೋಗುತ್ತಿದ್ದೆನೆ? ಹೋಗುತ್ತಿದ್ದೆ ಎಂದು ಎದೆ ಮುಟ್ಟಿ ಹೇಳಲಾರೆ. ನಮ್ಮ ಕಡೆ ಪಾಲು ಕೇಳಿದ ಹೆಣ್ಣುಮಕ್ಕಳ ತವರಿನ ಬಾಗಿಲು ಏನಾಗುತ್ತದೆ ಎಂಬುದನ್ನು ಅವಳು ಊರಲ್ಲಿ ಕಂಡಿದ್ದಳು. ನಾನು ಹೆದರಿಸಬೇಕಾಗಿರಲಿಲ್ಲ. ನನ್ನ ಪರವಾಗಿ ಊರೇ ಹೆದರಿಸಿತ್ತು. ಎರಡು ಎಕರೆ ಕೊಟ್ಟು ಅವಳು ಉಳಿಸಿಕೊಂಡದ್ದು ವರ್ಷಕ್ಕೊಂದು ಕರೆ. ನನ್ನ ಪ್ರೀತಿಯನ್ನೇ ಒತ್ತೆ ಇಟ್ಟುಕೊಂಡು ನಾನು ಅವಳಿಂದ ಹೊಲ ಬಿಡಿಸಿಕೊಂಡಿದ್ದೆ. ಆ ಪಂಚಮಿಗೆ ಅವಳು ಕಟ್ಟಿ ತರುತ್ತಿದ್ದ ಶೇಂಗಾ ಉಂಡಿ ಇದೆಯಲ್ಲ, ಅದು ಕೊಡುಗೆ. ತರದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಇದಕ್ಕೆ ಉತ್ತರಗಳಿವೆ. ಅವನ್ನು ನನಗೆ ನಾನೇ ಬಹಳ ಸಲ ಕೊಟ್ಟುಕೊಂಡಿದ್ದೇನೆ. ಮೊದಲನೆಯದು, ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂಬುದು. ಆದರೆ ಆ ಖರ್ಚು ಅವಳ ಹೆಸರಿನಲ್ಲಿ ಆಯಿತೇ ಹೊರತು ಅವಳ ಕೈಗೆ ಬರಲಿಲ್ಲ. ಪೆಂಡಾಲು, ಊಟ, ವರನ ಉಂಗುರ. ಇದ್ದ ಎರಡು ತೊಲೆ ಬಂಗಾರ ಭಾವನ ದವಾಖಾನೆಗೆ ಹೋಯಿತು. ಎರಡನೆಯದು, ಹೆಣ್ಣುಮಕ್ಕಳಿಗೂ ಕೊಟ್ಟರೆ ಹೊಲ ಚೂರುಚೂರಾಗುತ್ತದೆ ಎಂಬುದು. ನನಗೊಬ್ಬ ತಮ್ಮ ಇದ್ದಿದ್ದರೆ ಅದೇ ಎರಡು ಎಕರೆಯನ್ನು ಅವನಿಗೆ ಅಳೆದು ಕೊಡುತ್ತಿದ್ದೆ. ಆಗ ಅದಕ್ಕೆ ಪಾಲು ಎನ್ನುತ್ತಿದ್ದೆವು, ಚೂರು ಎನ್ನುತ್ತಿರಲಿಲ್ಲ.

ಮೂರನೆಯ ಉತ್ತರ ನನ್ನ ಹೆಂಡತಿಯದು, ಅದಕ್ಕೆ ನನ್ನಲ್ಲಿ ಸುಲಭದ ಎದುರುತ್ತರವಿಲ್ಲ. ಅಕ್ಕನಿಗೆ ಅವಳ ಪಾಲು ಹಿಂದಿರುಗಿಸೋಣ ಎಂದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, “ನಾನೂ ನಮ್ಮಣ್ಣಗೋಳಿಗೆ ಸಹಿ ಮಾಡಿ ಕೊಟ್ಟ ಬಂದೇನ್ರಿ. ನೀವು ನಿಮ್ಮಕ್ಕಗ ಕೊಡ್ರಿ, ಬ್ಯಾಡ ಅನ್ನೂದಿಲ್ಲ. ಮುಂದ ನನ್ನ ಹೆಸರಿಗೆ ಏನ ಉಳೀತೈತಿ?” ಎಂದಳು. ಗಂಡಸರ ನಡುವೆ ಇದನ್ನೇ ಒಂದು ಸರಿದೂಗುವ ಲೆಕ್ಕವೆಂಬಂತೆ ಹೇಳುತ್ತಾರೆ: ಅಕ್ಕನ ಪಾಲು ನಮಗೆ ಉಳಿಯಿತು, ಹೆಂಡತಿಯ ಪಾಲು ಅವಳ ಅಣ್ಣಂದಿರಿಗೆ ಹೋಯಿತು, ಅಲ್ಲಿಗೆ ಸಮ. ಮನೆಮನೆಗೆ ಸಮವೇ ಇರಬಹುದು. ಆದರೆ ಈ ಲೆಕ್ಕದ ಕೊನೆಗೆ ಹೊಲ ಇರುವುದು ನನ್ನ ಹೆಸರಿಗೆ ಮತ್ತು ಅವಳ ಅಣ್ಣಂದಿರ ಹೆಸರಿಗೆ. ಬಿಟ್ಟುಕೊಟ್ಟ ಇಬ್ಬರು ಹೆಂಗಸರಲ್ಲಿ ಒಬ್ಬಳು ತಗಡಿನ ಶೆಡ್ಡಿನಲ್ಲಿದ್ದಾಳೆ, ಇನ್ನೊಬ್ಬಳು ನನ್ನ ಒಳ್ಳೆಯತನದ ಮೇಲೆ ಬದುಕುತ್ತಿದ್ದಾಳೆ. ನಾನು ಒಳ್ಳೆಯವನಾಗಿರುವುದು ಅವಳಿಗೆ ಹಕ್ಕಿಗೆ ಬದಲಾಗಲಾರದು. ಮೈದುನನ ಒಳ್ಳೆಯತನ ಅಕ್ಕನನ್ನು ಎಲ್ಲಿಟ್ಟಿತು ಎಂದು ನೋಡಿದ್ದೇನೆ.

ಕಾನೂನಿನ ಪ್ರಕಾರ ನಾನೀಗ ಕೊಡಬೇಕಾದ್ದು ಏನೂ ಇಲ್ಲ. ಪತ್ರ ನೋಂದಣಿಯಾಗಿದೆ, ಸಾಕ್ಷಿಗಳಿದ್ದಾರೆ. ಆದರೆ ಕಾಗದ ಸಾಲವನ್ನು ತೀರಿಸಲಿಲ್ಲ, ಸಾಲದ ಗುರುತನ್ನಷ್ಟೇ ಅಳಿಸಿತು.

2022ರಲ್ಲಿ ನಮ್ಮೂರ ಮನೆಯ ಹಿತ್ತಲಿನ ಮೂರು ಗುಂಟೆಯನ್ನು ಅಕ್ಕನ ಹೆಸರಿಗೆ ಮಾಡಿಸಿದೆ. ಇ-ಸ್ವತ್ತಿನಲ್ಲಿ ಅವಳ ಹೆಸರು ಬಂದ ಮೇಲೆ ಮನೆಯ ಅರ್ಜಿಯೂ ಮುಂದೆ ಹೋಯಿತು. ಏನು ಮೊದಲು ಕಟ್ಟೋಣ ಎಂದು ಕೇಳಿದಾಗ ಅವಳು ಯೋಚಿಸಲೇ ಇಲ್ಲ. “ಮದ್ಲ ಪಾಯಖಾನಿ ಕಟ್ಟಸೋ ತಮ್ಮಾ. ಗ್ವಾಡಿ ಯಾವಾಗರ ಏಳ್ಲಿ” ಎಂದಳು. ಹಾಗೇ ಆಯಿತು. ಮನೆಗೆ ಬುನಾದಿ ಬೀಳುವ ಮೊದಲೇ ಹಿತ್ತಲಲ್ಲಿ ಚಿಲಕವಿರುವ ಒಂದು ಬಾಗಿಲು ನಿಂತಿತು. ಅದನ್ನು ಒಳಗಿನಿಂದ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು.

ಎರಡು ಎಕರೆ ಇನ್ನೂ ನನ್ನ ಹೆಸರಲ್ಲೇ ಇದೆ. ಹೆಂಡತಿಯ ಜೊತೆ ಮಾತು ಮುಗಿದಿದೆ: ಅಕ್ಕನ ಪಾಲು ಅಕ್ಕನಿಗೆ, ಉಳಿದ ಎರಡು ಎಕರೆಗೆ ಅವಳ ಹೆಸರೂ ಸೇರಬೇಕು. ಪೋಡಿಗಾಗಿ 11ಇ ನಕ್ಷೆಗೆ ಅರ್ಜಿ ಕೊಟ್ಟಿದ್ದೇನೆ. ಹಿತ್ತಲಿನ ಪತ್ರ ಮಾಡಿಸುವಾಗ ಅಕ್ಕ ಈ ಸಲ ಕಾಗದವನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಕೂಡಿಸಿ ಕೂಡಿಸಿ ಓದಿದ್ದಳು. “ದಾನಪತ್ರ ಅಂತ ಯಾಕ ಬರದಾರ? ನಂದ ನನಗ ಕೊಟ್ರ ದಾನ ಹೆಂಗಾಕ್ಕೈತಿ?” ಎಂದು ಕೇಳಿದಳು. ಬಾಂಡ್ ರೈಟರ್ ನಕ್ಕ. ಕ್ರಯ, ದಾನ, ವಿಭಾಗ, ಬಿಡುಗಡೆ ಎಂದು ಪತ್ರಗಳ ಹೆಸರು ಹೇಳಿದ. ತೆಗೆದುಕೊಂಡದ್ದನ್ನು ಹಿಂದಿರುಗಿಸುವುದಕ್ಕೆ ಅವನಲ್ಲಿ ಬೇರೆ ಹೆಸರಿನ ಪತ್ರ ಇರಲಿಲ್ಲ.

ಇದನ್ನು ಓದುವ ನಿಮ್ಮಲ್ಲಿ ಹಲವರು ಇನ್ನೂ ಓದುತ್ತಿರುವವರು. ನಿಮ್ಮ ಅಕ್ಕತಂಗಿಯರನ್ನು ಆ ಮರದ ಕೆಳಗೆ ಇನ್ನೂ ಯಾರೂ ಕೂರಿಸಿಲ್ಲದಿರಬಹುದು. ಕೂರಿಸುವ ದಿನ ಬಂದಾಗ ಕಾಗದವನ್ನು ಮೊದಲು ಅವರ ಕೈಗೆ ಕೊಡಿ, ಪೂರ್ತಿ ಓದಲಿ. ‘ಒಲ್ಲೆ’ ಎಂದರೂ ಪಂಚಮಿಗೆ ಕರೆಯಲು ಬರುತ್ತೇನೆ ಎಂದು ಮೊದಲೇ ಹೇಳಿ. ಆಮೇಲೆ ಅವರು ಏನು ಕೊಡುತ್ತಾರೋ ಅದನ್ನು ಕೊಡುಗೆ ಎಂದು ಕರೆಯಬಹುದು.